ಬೋಲ್ಡ್ ಸೆರಿಫ್: ದಪ್ಪವೇ ಬೇರೆ, ತುದಿಯೇ ಬೇರೆ

ಶೀರ್ಷಿಕೆಗೆ ಬೋಲ್ಡ್ ಸೆರಿಫ್ ಬಳಸಿ ಎಂದು ಪುಟ ವಿನ್ಯಾಸ ಮಾಡುವವರಿಗೆ ಬರೆದು ಕಳಿಸಿದರೆ, ತುದಿಗಳಲ್ಲಿ ಯಾವ ಕಿರುಗೆರೆಯೂ ಇಲ್ಲದ, ಬರಿದೇ ದಪ್ಪಗಿರುವ ಅಕ್ಷರಗಳು ಪುಟದ ಮೇಲೆ ಕುಳಿತು ಹಿಂದಿರುಗುವುದು ಈಚೆಗೆ ಮಾಮೂಲಾಗಿದೆ. ಕೇಳಿದರೆ ‘ದಪ್ಪ ಮಾಡಿದ್ದೇವಲ್ಲ’ ಎಂಬ ಉತ್ತರ. ಬೋಲ್ಡ್ ಎಂಬುದು ಅಕ್ಷರದ ತೂಕವನ್ನು ಹೇಳುವ ಮಾತು, ಸೆರಿಫ್ ಎಂಬುದು ಅಕ್ಷರದ ಗೆರೆ ಮುಗಿಯುವಲ್ಲಿ ಚಾಚಿಕೊಳ್ಳುವ ಕಿರುಗೆರೆಯನ್ನು ಹೇಳುವ ಮಾತು; ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂಬ ನಿಯಮವಿಲ್ಲ.

ಗೆರೆ, ಗೀಟು ಎಂಬರ್ಥದ ಡಚ್ ಪದ ‘ಸ್ಖ್ರೇಫ್’ನಿಂದ ಸೆರಿಫ್ ಬಂದಿರಬೇಕೆಂಬುದು ಹೆಚ್ಚು ಜನ ಒಪ್ಪಿರುವ ಊಹೆ. ಪದ ಇಂಗ್ಲಿಷಿನಲ್ಲಿ ನೆಲೆಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಾದರೂ ವಸ್ತು ಬಹಳ ಹಳೆಯದು: ರೋಮಿನಲ್ಲಿರುವ ಟ್ರೇಜನ್ ಸ್ತಂಭದ ಕ್ರಿ.ಶ. 113ರ ಶಾಸನದಲ್ಲಿ ಸೊಗಸಾದ ಸೆರಿಫ್‌ಗಳಿವೆ. ಕಲ್ಲನ್ನು ಕಡೆಯುವ ಮೊದಲು ಕುಂಚದಿಂದ ಅಕ್ಷರ ಬರೆದುಕೊಳ್ಳುತ್ತಿದ್ದರು, ಕುಂಚದ ತಿರುವೇ ಉಳಿಯಲ್ಲಿ ಸೆರಿಫ್ ಆಗಿ ಉಳಿಯಿತು ಎಂದು ಅಕ್ಷರ ಕಲಾವಿದ ಎಡ್ವರ್ಡ್ ಕ್ಯಾಟಿಚ್ 1968ರಲ್ಲಿ ವಾದಿಸಿದರು. ಸೆರಿಫ್ ಇಲ್ಲದ ಅಚ್ಚಿಗೆ ‘ಸ್ಯಾನ್ಸ್ ಸೆರಿಫ್’ ಎಂಬ ಹೆಸರನ್ನು ಲಂಡನ್ನಿನಲ್ಲಿ ಅಚ್ಚು ಎರೆಯುತ್ತಿದ್ದ ವಿನ್ಸೆಂಟ್ ಫಿಗಿನ್ಸ್ 1832ರ ತಮ್ಮ ಅಚ್ಚುಗಳ ಮಾದರಿ ಪುಸ್ತಕದಲ್ಲಿ ಬಳಸಿದರು. ಅದಕ್ಕೂ ಮೊದಲು, 1816ರಲ್ಲಿ, ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ಅಂಥದ್ದೇ ಅಚ್ಚನ್ನು ‘ಈಜಿಪ್ಷಿಯನ್’ ಎಂದು ಕರೆದಿದ್ದರು. ಮುಂದೆ ಆ ಹೆಸರು ಇಟ್ಟಿಗೆಯಷ್ಟು ದಪ್ಪ ಪಾದಗಳುಳ್ಳ ಸ್ಲ್ಯಾಬ್ ಸೆರಿಫಿಗೆ ಅಂಟಿಕೊಂಡಿತು. ಹೆಸರಿನ ಗೊಂದಲಕ್ಕೆ ಅಚ್ಚು ಎರೆಯುವವರೇ ಅಡಿಪಾಯ ಹಾಕಿದ್ದಾರೆಂಬುದನ್ನು ಒಪ್ಪಲೇಬೇಕು.

ಆದರೆ ನಮ್ಮಲ್ಲಿ ಮಾತ್ರ ಕಾಣುವ ಇನ್ನೊಂದು ತಪ್ಪಿಗೆ ಅವರು ಹೊಣೆಯಲ್ಲ. ಕನ್ನಡದ ತಲಕಟ್ಟೇ ಸೆರಿಫ್ ಎಂದು ಬರೆಯುವವರಿದ್ದಾರೆ, ಅದೂ ಪಾಠ ಹೇಳುವ ಧಾಟಿಯಲ್ಲಿ. ತಲಕಟ್ಟು ಅಲಂಕಾರವಲ್ಲ, ಅಕ್ಷರದ ಅಂಗ. ‘ಕ’ಕ್ಕೆ ಗುಡಿಸು ಬಂದು ‘ಕಿ’ ಆದಾಗ ತಲಕಟ್ಟು ಜಾಗ ಬಿಟ್ಟುಕೊಡುತ್ತದೆ, ಅರ್ಧಾಕ್ಷರವಾಗಿ ‘ಕ್’ ಆದಾಗಲೂ ಹೋಗುತ್ತದೆ. ರೋಮನ್ ‘ಐ’ಯ ಮೇಲಿನ ಕೆಳಗಿನ ಕಿರುಗೆರೆಗಳನ್ನು ಅಳಿಸಿ ನೋಡಿ, ಅದು ‘ಐ’ ಆಗಿಯೇ ಉಳಿಯುತ್ತದೆ. ‘ಕ’ದ ತಲಕಟ್ಟನ್ನು ಅಳಿಸಿದರೆ ಉಳಿಯುವುದು ‘ಕ’ವಲ್ಲ. ಮೇಲಾಗಿ ಖ, ಜ, ಟ, ಣ, ಬ, ಲಗಳಿಗೆ ತಲಕಟ್ಟೇ ಇಲ್ಲ. ಹಾಗಾದರೆ ‘ಕಮಲ’ ಎಂದು ಬರೆದಾಗ ಮೊದಲೆರಡು ಅಕ್ಷರ ಸೆರಿಫ್, ಮೂರನೆಯದು ಸ್ಯಾನ್ಸ್ ಸೆರಿಫ್ ಎನ್ನಬೇಕೇ? ನೋಟೋ ಸೆರಿಫ್ ಕನ್ನಡ ಎಂಬ ಫಾಂಟಿನ ಹೆಸರಿನಲ್ಲಿರುವ ‘ಸೆರಿಫ್’ ಕೂಡ ತಲಕಟ್ಟನ್ನು ಕುರಿತದ್ದಲ್ಲ. ಅದೇ ಕುಟುಂಬದ ರೋಮನ್ ಸೆರಿಫಿಗೆ ಜೊತೆಯಾಗುವಂತೆ ಗೆರೆಯಲ್ಲಿ ದಪ್ಪ-ತೆಳುವಿನ ಏರಿಳಿತವಿದೆ ಎಂಬುದರ ಸೂಚನೆ ಅದು.

ಇನ್ನು ಬೋಲ್ಡ್. ಮಾತಿನ ನಡುವೆ ಒಂದು ಪದವನ್ನು ಎತ್ತಿ ತೋರಿಸಲು ಜೊತೆಗೊಂದು ದಪ್ಪ ಅಚ್ಚು ಇರಬೇಕೆಂಬ ಕಲ್ಪನೆ ಗಟ್ಟಿಯಾದದ್ದು 1845ರಲ್ಲಿ, ಲಂಡನ್ನಿನ ಫ್ಯಾನ್ ಸ್ಟ್ರೀಟ್ ಅಚ್ಚು ಎರಕದ ಮನೆಯಿಂದ ರಾಬರ್ಟ್ ಬೆಸ್ಲಿ ಹೊರತಂದ ಕ್ಲ್ಯಾರೆಂಡನ್ ಎಂಬ ಅಚ್ಚಿನಿಂದ. ಅದಕ್ಕೆ ದೊರೆತ ಕಾನೂನಿನ ರಕ್ಷಣೆ ಮೂರು ವರ್ಷದ್ದು, ಅವಧಿ ಮುಗಿದದ್ದೇ ಉಳಿದವರು ನಕಲಿಗೆ ಇಳಿದರು. ನಿಘಂಟಿನ ಪದಗಳಿಗೆ ಅದು ಹೊಂದುವುದು ಸುಮ್ಮನೆ ಅಲ್ಲ: ಕಾಂಡದಿಂದ, ಅಂದರೆ ಅಕ್ಷರದ ಮುಖ್ಯ ನೇರಗೆರೆಯಿಂದ, ಸೆರಿಫಿಗೆ ಗೆರೆ ಬಾಗಿ ಇಳಿಯುತ್ತದೆ, ದಪ್ಪ-ತೆಳುವಿನ ಅಂತರ ಕಡಿಮೆ, ಆದ್ದರಿಂದ ಚಿಕ್ಕ ಗಾತ್ರದಲ್ಲೂ ತೆಳುಗೆರೆ ಮಾಯವಾಗುವುದಿಲ್ಲ. ಪೋಸ್ಟರ್ ಬೊಡೋನಿ ಎಂಬ ಅಚ್ಚಿನದು ಇದಕ್ಕೆ ತದ್ವಿರುದ್ಧ ಸ್ವಭಾವ. ಕಂಬದಂಥ ಕಾಂಡ, ಕೂದಲೆಳೆಯ ಸೆರಿಫ್, ಭಿತ್ತಿಪತ್ರದಲ್ಲಿ ರಾಜಠೀವಿ, ಅಡಿಟಿಪ್ಪಣಿಯಲ್ಲಿ ಕಪ್ಪು ಕಂಬಗಳ ಸಾಲು. ಆಸ್ವಾಲ್ಡ್ ಕೂಪರ್ 1922ರಲ್ಲಿ ಕೊಟ್ಟ ಕೂಪರ್ ಬ್ಲ್ಯಾಕ್‌ನ ತುದಿಗಳೋ ಉಬ್ಬಿದ ದಿಂಬಿನಂತೆ ದುಂಡಗಿವೆ. ಮೂರೂ ದಪ್ಪ ಸೆರಿಫ್‌ಗಳೇ, ಮೂರನ್ನೂ ಒಂದೇ ಕೆಲಸಕ್ಕೆ ಹಚ್ಚುವವರಿಗೆ ಏನು ಹೇಳುವುದು?

ನಿಜವಾದ ಬೋಲ್ಡನ್ನು ಮತ್ತೆ ಬರೆಯಬೇಕಾಗುತ್ತದೆ. ನೇರ ಕಾಂಡಗಳು ಚೆನ್ನಾಗಿ ದಪ್ಪವಾಗುತ್ತವೆ, ಅಡ್ಡಗೆರೆಗಳು ಕೊಂಚ ಮಾತ್ರ. ಒಳಗಿನ ಬಿಳಿ ಜಾಗ ಮುಚ್ಚಿಹೋಗದಂತೆ ಅಕ್ಷರವೇ ಅಗಲವಾಗುತ್ತದೆ. ವೆಬ್ ಪುಟದಲ್ಲಿ 400 ಎಂದರೆ ಸಾಮಾನ್ಯ ತೂಕ, 700 ಎಂದರೆ ಬೋಲ್ಡ್. ಫಾಂಟಿನಲ್ಲಿ ದಪ್ಪ ತೂಕದ ಕಡತವೇ ಇಲ್ಲದಿದ್ದರೆ ಬ್ರೌಸರ್ ಇರುವ ಅಕ್ಷರಕ್ಕೇ ಮಸಿ ಬಳಿದು ಕೈತೊಳೆದುಕೊಳ್ಳುತ್ತದೆ. ರೋಮನ್ನಿನ ಚಿಕ್ಕ ‘ಇ’ಯ (e) ಕಣ್ಣು, ಅಂದರೆ ಒಳಗಿನ ಕಿಂಡಿ, ಆಗ ಮುಚ್ಚುತ್ತದೆ, ಪಕ್ಕಪಕ್ಕದ ಸೆರಿಫ್‌ಗಳು ಒಂದಕ್ಕೊಂದು ತಾಗುತ್ತವೆ. ಕನ್ನಡದಲ್ಲಿ ಪೆಟ್ಟು ಬೀಳುವುದು ಒತ್ತಕ್ಷರಗಳಿಗೆ ಮತ್ತು ಮಹಾಪ್ರಾಣಗಳಿಗೆ: ‘ರಾಷ್ಟ್ರ’ದ ಬುಡದಲ್ಲಿ ಮಸಿಯ ಮುದ್ದೆಯೊಂದು ಕೂರುತ್ತದೆ, ಹೊಟ್ಟೆ ಸೀಳಿದ ಗುರುತು ತುಂಬಿಹೋಗಿ ‘ಧನ’ ಎಂದು ಬರೆದದ್ದು ‘ದನ’ ಎಂದು ಓದಿಸಿಕೊಳ್ಳುತ್ತದೆ.