ಪೌತಿ ಖಾತೆಯಲ್ಲಿ ಪೌತ್ರ ಎಲ್ಲಿಂದ ಬಂದ?

"ಇಲ್ಲಿ ಪೌತ್ರಿ ಖಾತೆ ಅರ್ಜಿ ಬರೆದುಕೊಡಲಾಗುವುದು." ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಗಳಲ್ಲಿ ಇಂಥ ಬೋರ್ಡು ನೋಡಿದ್ದೇನೆ. ಬರೆಯಬೇಕಾದದ್ದು ಪೌತಿ ಖಾತೆ, ಅಂದರೆ ಸತ್ತವರ ಹೆಸರಲ್ಲಿರುವ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು. ತಪ್ಪು ರೂಪವನ್ನು ಅರ್ಜಿಗಳಲ್ಲೂ ನೋಡಿದ್ದೇನೆ. ಬರೆಯುವವರ ಕೈತಪ್ಪು ಅಂದುಕೊಂಡು ಸುಮ್ಮನಿದ್ದೆ. ಈಗ ಮನೆತನದ ಹಳೆಯ ದಾಖಲೆ ಹುಡುಕುವವರೂ ಇದಕ್ಕೊಂದು ವಿವರಣೆ ಕೊಡತೊಡಗಿದ್ದಾರೆ: "ತಾತನ ಆಸ್ತಿ ಪೌತ್ರನಿಗೆ ಬರುತ್ತದೆ, ಅದಕ್ಕೇ ಪೌತಿ." ಇನ್ನು ಸುಮ್ಮನಿರೋದು ಕಷ್ಟ.

ಪೌತಿಗೂ ಪೌತ್ರನಿಗೂ ಯಾವ ನಂಟೂ ಇಲ್ಲ. ಪೌತಿ ಅಂದರೆ ಸಾವು. ಅರಬಿಯ 'ಫೌತ್' ಇದರ ಮೂಲ. ದಾಟಿ ಹೋಗುವುದು, ಕೈಗೆ ಸಿಗದೆ ಹೋಗುವುದು ಎಂಬುದು ಅದರ ಹಳೆಯ ಅರ್ಥ. ಅಲ್ಲಿಂದ ತೀರಿಹೋಗುವುದು ಎಂಬ ಅರ್ಥ ಬಂತು. ನಾವೂ "ಅವರು ಹೋಗಿಬಿಟ್ಟರು" ಅಂತೀವಲ್ಲ, ಹಾಗೇ. ಪಾರಸಿಯ ಮೂಲಕ ಅದು ಕಂದಾಯದ ಲೆಕ್ಕಕ್ಕೆ ಇಳಿಯಿತು. ತಹಶೀಲ್ದಾರ, ಶಿರಸ್ತೇದಾರ, ಜಮಾಬಂದಿ, ಖರಾಬು, ತಕರಾರು, ನಕಲು, ವಾರಸು ಎಲ್ಲ ಇದೇ ಬಳಗದವು. ಇವುಗಳಲ್ಲಿ ಯಾವುದಕ್ಕೂ ಸಂಸ್ಕೃತದ ಬೇರು ಹುಡುಕದವರು ಪೌತಿಗೆ ಮಾತ್ರ ಯಾಕೆ ಹುಡುಕುತ್ತಾರೋ ಗೊತ್ತಿಲ್ಲ. ಪೌತ್ರ ಎಂಬ ಪದ ಪಕ್ಕದಲ್ಲೇ ಸಿಕ್ಕಿತು, ಅಷ್ಟೇ ಇರಬೇಕು.

ಫ ಹೋಗಿ ಪ ಬಂದದ್ದರಲ್ಲಿ ವಿಶೇಷವಿಲ್ಲ. ಫಿರ್ಯಾದಿ ನಮ್ಮ ಪೊಲೀಸ್ ಠಾಣೆಯಲ್ಲಿ ಪಿರ್ಯಾದಿ ಆಗಿದ್ದಾನೆ. ಮಧ್ಯಪ್ರದೇಶದಲ್ಲಿ ಇದೇ ಕೆಲಸಕ್ಕೆ ಇವತ್ತಿಗೂ 'ಫೌತಿ ನಾಮಾಂತರಣ' ಅನ್ನುತ್ತಾರೆ. ಅಲ್ಲಿ ಮೊದಲಕ್ಷರ ಹಾಗೇ ಉಳಿದಿದೆ. ಇಷ್ಟಾದ ಮೇಲೂ ಅನುಮಾನ ಇದ್ದರೆ ಕಚೇರಿಯ ಕಾಗದದ ಒಂದು ಮಾಮೂಲಿ ಸಾಲು ಓದಿ: "ಖಾತೆದಾರರು ಪೌತಿಯಾಗಿರುತ್ತಾರೆ." ಪೌತಿ ಅಂದರೆ ಮೊಮ್ಮಗ ಎನ್ನುವವರ ಪ್ರಕಾರ ಖಾತೆದಾರರು ಮೊಮ್ಮಗ ಆಗಿರುತ್ತಾರೆ!

'ಪವತಿ' ಎಂದು ಬರೆಯುವವರ ಮೇಲೆ ನನಗೆ ಸಿಟ್ಟಿಲ್ಲ. ಕೌದಿ ಕವದಿ ಆಗುವ ಹಾಗೆ ಅದು ಬಾಯಿಮಾತಿನ ರೂಪ. ಬಡಗಣ ಜಿಲ್ಲೆಗಳಲ್ಲಿ 'ಪವತಿ ವಾರಸಾ' ಎಂದೂ ಕೇಳುತ್ತೇವೆ. ಸತ್ತವರ ವಾರಸು ಎಂದು ಅರ್ಥ ನೇರವಾಗಿಯೇ ಇದೆ. ಆದರೆ ಪವತಿಗೆ ಒಂದು ದೀರ್ಘ ಸೇರಿಸಿ 'ಪಾವತಿ ಖಾತೆ' ಮಾಡಿದರೆ ಕತೆಯೇ ಬೇರೆ. ಪಾವತಿ ಮರಾಠಿಯ ಪಾವತೀ, ಅಂದರೆ ದುಡ್ಡು ಸಂದದ್ದಕ್ಕೆ ರಸೀದಿ. ಇಲ್ಲಿ ಸಂದದ್ದು ದುಡ್ಡಲ್ಲ, ಮನುಷ್ಯ.

ಇನ್ನೊಂದು ತಪ್ಪು ತಿಳಿವಳಿಕೆ ಆಸ್ತಿಯದು. ಅದನ್ನು ಬೇಗ ಮುಗಿಸುತ್ತೇನೆ. "ಪೌತಿ ಆಯ್ತು, ಜಮೀನು ನನ್ನದಾಯ್ತು" ಅನ್ನುವುದು ಸರಿಯಲ್ಲ. ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಹಾಕುವುದಷ್ಟೇ ಪೌತಿ. ಅದು ಪಾಲುಪಟ್ಟಿ ಅಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಂ ಪ್ರಕಾರ ಇಂಥ ನಮೂದನ್ನು ತಪ್ಪೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸಬೇಕು. ಆದರೆ ಮ್ಯುಟೇಶನ್ನಿನಿಂದ, ಅಂದರೆ ಖಾತೆ ಬದಲಾವಣೆಯಿಂದ, ಒಡೆತನ ಹುಟ್ಟುವುದಿಲ್ಲ, ಅದು ಕಂದಾಯ ವಸೂಲಿಯ ಅನುಕೂಲಕ್ಕೆ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ.

ನನಗೆ ಈ ಪದ ಮುಖ್ಯವಾಗಿರುವುದು ಬೇರೆ ಕಾರಣಕ್ಕೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದಿನ ಮುತ್ತಜ್ಜನ ಮರಣ ಪತ್ರ ಎಷ್ಟು ಹಳ್ಳಿ ಮನೆಗಳಲ್ಲಿ ಇದ್ದೀತು? ಆದರೆ ಅವನ ಹೆಸರಲ್ಲಿ ಎರಡು ಎಕರೆ ಇದ್ದಿದ್ದರೆ ಅವನ ಸಾವು ಎಲ್ಲೋ ಒಂದು ಕಡೆ ದಾಖಲಾಗಿರುವ ಸಾಧ್ಯತೆ ಜಾಸ್ತಿ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ. ಎಲ್ಲರೂ ಅದನ್ನು ನೋಡಿ ಮಡಚಿಡುತ್ತಾರೆ. ಪಕ್ಕದ 10ನೇ ಕಾಲಂ ನೋಡಿ. ಜಮೀನು ಹೇಗೆ ಬಂತು ಎಂಬುದೂ ಮ್ಯುಟೇಶನ್ ರಿಜಿಸ್ಟರಿನ (ಎಂ.ಆರ್.) ನಂಬರೂ ಅಲ್ಲಿರುತ್ತದೆ. ಆ ನಂಬರು, ವರ್ಷ ಹಿಡಿದುಕೊಂಡು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಬೇಕು. ಭೂಸುರಕ್ಷಾ ಯೋಜನೆಯಲ್ಲಿ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಹಾಗಾಗಿ ಮೊದಲು ಅದನ್ನು ವಿಚಾರಿಸಿ. ರಿಜಿಸ್ಟರಿನ ನಕಲು ಕೇಳುವಾಗ ಕಡತವನ್ನೂ ಕೇಳಿ. ರಿಜಿಸ್ಟರಿನಲ್ಲಿ ಸಿಗುವುದು ನಾಲ್ಕು ಸಾಲು. ಅರ್ಜಿ, ವಂಶವೃಕ್ಷ, ಊರವರ ಹೇಳಿಕೆ, ಮಹಜರು ಉಳಿದಿದ್ದರೆ ಇರುವುದು ಕಡತದಲ್ಲಿ. ನಿಮಗೆ ಬೇಕಾದ ಅಜ್ಜಿಯ ಹೆಸರು ಇರುವುದೂ ಬಹುಶಃ ಅಲ್ಲೇ.

ಓದುವಾಗ ಮಾತ್ರ ಹುಷಾರು. ಪೌತಿ ಆದ ವರ್ಷವೇ ಸತ್ತ ವರ್ಷ ಎಂದು ವಂಶವೃಕ್ಷದಲ್ಲಿ ಬರೆದುಕೊಳ್ಳುವವರನ್ನು ಕಂಡರೆ ನನಗೆ ತಡೆಯೋಕ್ಕಾಗಲ್ಲ. ಹಕ್ಕು ಬಂದ ಮೂರು ತಿಂಗಳೊಳಗೆ ತಿಳಿಸಬೇಕು ಅಂತ ಭೂಕಂದಾಯ ಕಾಯ್ದೆಯ 128ನೇ ಕಲಂ ಹೇಳುತ್ತದೆ ನಿಜ. ಯಾರು ಹೋಗಿ ತಿಳಿಸಿದರು? ಸಾಲ ಬೇಕಾದಾಗ, ಜಮೀನು ಮಾರಬೇಕಾದಾಗ, ಅಣ್ಣತಮ್ಮಂದಿರು ಜಗಳ ಆಡಿದಾಗ ತಾನೇ ಖಾತೆಯ ನೆನಪಾಗೋದು? ತೀರಿಹೋದವರ ಹೆಸರಲ್ಲೇ ಉಳಿದ ಜಮೀನು ಎಷ್ಟಿದೆ ಅಂದರೆ ಸರ್ಕಾರವೇ ಇ-ಪೌತಿ ಆಂದೋಲನ ಶುರುಮಾಡಬೇಕಾಯಿತು. ಆ ನಮೂದು ಹೇಳುವುದು ಸಾವಿನ ಸುದ್ದಿ ಕಚೇರಿಗೆ ಮುಟ್ಟಿದ ಕಾಲವನ್ನು. ಸಾವು ಅದಕ್ಕಿಂತ ಹಿಂದಿನದು ಅಂತ ಗೊತ್ತಾಗುತ್ತದೆ, ಎಷ್ಟು ಹಿಂದೆ ಅಂತ ಅಲ್ಲ.

ತಡವಾದದ್ದರಿಂದ ಇನ್ನೊಂದು ತೊಡಕೂ ಹುಟ್ಟುತ್ತದೆ. ತಾತ ಸತ್ತಾಗ ಯಾರೂ ಖಾತೆ ಬದಲಿಸಲಿಲ್ಲ. ಆಮೇಲೆ ಅಪ್ಪನೂ ಹೋದ. ಖಾತೆ ತಾತನಿಂದ ನೇರ ಮೊಮ್ಮಗನಿಗೆ ಬಂತು. ರಿಜಿಸ್ಟರಿನಲ್ಲಿ ಅಪ್ಪನ ಸುಳಿವು ಇರುವುದು 'ಬಿನ್' ಎಂಬುದರ ಮುಂದೆ ಮಾತ್ರ. ಬಿನ್ ಅಂದರೆ ಮಗ, ಕೋಂ ಅಂದರೆ ಹೆಂಡತಿ ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೆ ಆ ಎರಡಕ್ಷರ ಹಾರಿಸಿ ಓದಿದರೆ ಒಂದು ತಲೆಮಾರೇ ಮಾಯ. ಹಿರಿಯ ಮಗನ ಹೆಸರೊಂದೇ ಇದ್ದರೆ ಅವನೊಬ್ಬನೇ ಮಗ ಎಂದೂ ತಿಳಿಯಬೇಡಿ. ಒಟ್ಟು ಕುಟುಂಬದ ಯಜಮಾನ ಅಂತ ಅವನ ಹೆಸರು ಹತ್ತಿಸಿರುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ರಿಜಿಸ್ಟರನ್ನು ನಂಬಲೇಬಾರದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಆಸ್ತಿಯ ವಾರಸಿನಲ್ಲಿ ಮಗಳನ್ನೂ ಸೇರಿಸಿತು. 1994ರಲ್ಲಿ ಕರ್ನಾಟಕ, 2005ರಲ್ಲಿ ಕೇಂದ್ರ ಅವಳನ್ನು ಪಿತ್ರಾರ್ಜಿತದ ಪಾಲುದಾರಳನ್ನೂ ಮಾಡಿದವು. ಕಾಯ್ದೆ ಹೇಳಿದ್ದು ವಂಶವೃಕ್ಷಕ್ಕೆ ಬರಬೇಕಲ್ವಾ? "ಮದುವೆ ಮಾಡಿ ಕೊಟ್ಟಾಗಿದೆ" ಎಂಬ ಒಂದು ಮಾತಿನಲ್ಲಿ ಮೂರು ಜನ ಹೆಣ್ಣುಮಕ್ಕಳನ್ನು ಬಿಟ್ಟುಬಿಡುತ್ತಾರೆ. ಅವರು ಮತ್ತೆ ಕಾಣುವುದು ಹಕ್ಕು ಬಿಡುಗಡೆ ಪತ್ರದಲ್ಲಿ ಅಥವಾ ದಾವೆಯಲ್ಲಿ. ಅದಕ್ಕೇ ಸಬ್ ರಿಜಿಸ್ಟ್ರಾರ್ ಕಚೇರಿಯ ಪತ್ರಗಳನ್ನೂ ಸಿವಿಲ್ ಕೋರ್ಟಿನ ಪಾಲಿನ ದಾವೆಗಳನ್ನೂ ಹುಡುಕಬೇಕು. ಜಗಳ ಆಡಿದ ಮನೆತನದ ಚರಿತ್ರೆಯೇ ಚೆನ್ನಾಗಿ ಸಿಗುತ್ತದೆ. ಒಬ್ಬರು ಬಿಟ್ಟ ಹೆಸರನ್ನು ಇನ್ನೊಬ್ಬರು ಪಟ್ಟು ಹಿಡಿದು ಬರೆಸಿರುತ್ತಾರೆ.

ಇದೆಲ್ಲ ಅಪ್ಪನಿಂದ ಮಕ್ಕಳಿಗೆ ಆಸ್ತಿ ಇಳಿಯುವ ಕಡೆಯ ಮಾತು. ಕೊಡಗಿನ ಜಮ್ಮಾ (ವಂಶಪಾರಂಪರ್ಯದ) ಜಮೀನು ಹಳೆಯ ದಾಖಲೆಯಲ್ಲಿ ಒಕ್ಕದ, ಅಂದರೆ ಮನೆತನದ, ಹಿರಿಯನಾದ ಪಟ್ಟೇದಾರನ ಹೆಸರಲ್ಲಿರುತ್ತದೆ. ಅವನ ನಂತರ ಒಕ್ಕದ ಮುಂದಿನ ಹಿರಿಯ ಬರುತ್ತಾನೆ. ಅವನು ಮಗನೇ ಆಗಿರಬೇಕು ಎಂದೇನಿಲ್ಲ. ದಕ್ಷಿಣ ಕನ್ನಡ, ಉಡುಪಿಯ ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ ಎಣಿಸುವ) ಮನೆಗಳಲ್ಲಿ ಹಿಂದೆ ಕುಟುಂಬದ ಆಸ್ತಿ ಯಜಮಾನನಿಂದ ಅವನ ತಮ್ಮನಿಗೋ ಅಕ್ಕತಂಗಿಯರ ಮಕ್ಕಳಿಗೋ ಹೋಗುತ್ತಿತ್ತು. ಈ ಎರಡೂ ಕಡೆ ಒಂದರ ಹಿಂದೊಂದು ಬಂದ ಹೆಸರುಗಳನ್ನು ಅಪ್ಪ, ಮಗ, ಮೊಮ್ಮಗ ಎಂದು ಜೋಡಿಸಿದರೆ ಇಲ್ಲದ ವಂಶವೊಂದು ತಯಾರಾಗುತ್ತದೆ. ಅಳಿಯಸಂತಾನದ ಮನೆಗಳಲ್ಲಂತೂ ಪ್ರತಿ ಹೆಸರಿಗೂ ತಾಯಿ ಯಾರು ಎಂದು ಮೊದಲು ಗೊತ್ತುಮಾಡಿಕೊಂಡು, ಆ ತಾಯಿಯ ಹೆಸರು ಹಿಡಿದೇ ಹಿಂದಕ್ಕೆ ಹೋಗಬೇಕು.