ಕುದುರೆಯ ಪ್ರತಿಕಾಯ, ಅಪ್ಪಚ್ಚಿಯ ಮೈ

ಬಿ.ಫಾರ್ಮ್ ಓದುವವರಿಗೆ ಇಮ್ಯುನಾಲಜಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯ ಓದು, ಆರನೇ ಸೆಮಿಸ್ಟರಿನ ಬಯೋಟೆಕ್ನಾಲಜಿ ಪೇಪರಿನ ಒಂದು ಯೂನಿಟ್. ಹೊರಗಿನ ವಸ್ತುವನ್ನು ಹಿಡಿಯಲು ಮೈ ತಯಾರಿಸುವ ವೈ ಆಕಾರದ ಪ್ರತಿಕಾಯದ (ಆ್ಯಂಟಿಬಾಡಿ) ಚಿತ್ರ, ಮೈ ಅತಿಯಾಗಿ ಪ್ರತಿಕ್ರಿಯಿಸುವ ಅತಿಸಂವೇದನೆಯ ನಾಲ್ಕು ವಿಧ, ಲಸಿಕೆ ತಯಾರಿಸುವ ಕ್ರಮ, ಒಂದೇ ಬಗೆಯ ಪ್ರತಿಕಾಯ ತಯಾರಿಸುವ ಬೆರಕೆ ಕೋಶವಾದ ಹೈಬ್ರಿಡೋಮಾ. ನಾನೂ ಸುಮ್ನೆ ಬಾಯಿಪಾಠ ಮಾಡಿಕೊಂಡಿದ್ದೆ. ಆಗಲೇ ಶಿರಸಿಯಿಂದ ಫೋನ್ ಬಂತು. ತೋಟಕ್ಕೆ ಹಾಕಲು ದರಕು (ಒಣಗಿದ ಎಲೆ) ತುಂಬುವಾಗ ಅಪ್ಪಚ್ಚಿಗೆ ಕೊಳಕುಮಂಡಲ ಕಚ್ಚಿತ್ತು.

ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೊದಲ ಸುತ್ತಿನ ಎಎಸ್‌ವಿ, ಅಂದರೆ ಹಾವಿನ ವಿಷದ ಪ್ರತಿಮದ್ದು, ಮುಗಿದಿತ್ತು. ಡಾಕ್ಟರು ಮತ್ತೆ ಸ್ವಲ್ಪ ರಕ್ತ ತೆಗೆದು, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, ಅಲ್ಲಾಡಿಸದೆ 20 ನಿಮಿಷ ಇಟ್ಟರು. ಆಮೇಲೆ ಓರೆ ಮಾಡಿದರು. ರಕ್ತ ಇನ್ನೂ ನೀರಿನ ಹಾಗೆ ಹರಿಯಿತು. ಕೊಳಕುಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳನ್ನು ಖಾಲಿ ಮಾಡಿಬಿಡುತ್ತದೆ, ಅದಕ್ಕೇ ಈ ಪರೀಕ್ಷೆ. ಇನ್ನೊಂದು ಸುತ್ತು ಕೊಡಬೇಕಾಯಿತು. ಸಿಸ್ಟರ್ ಒಂದೊಂದೇ ವಯಲ್ ತೆಗೆದು, ತಳದಲ್ಲಿದ್ದ ಬಿಳಿ ಪುಡಿಗೆ 10 ಮಿ.ಲೀ. ನೀರು ಸೇರಿಸಿ, ಎರಡೂ ಅಂಗೈ ನಡುವೆ ಮೆಲ್ಲಗೆ ಹೊರಳಿಸುತ್ತಿದ್ದರು. ಅವಸರಕ್ಕೆ ನಾನೊಂದನ್ನು ಎತ್ತಿ ಕುಲುಕಹೊರಟರೆ ಕೈ ಹಿಡಿದು ನಿಲ್ಲಿಸಿದರು. ಪ್ರತಿಕಾಯ ಅಂದರೆ ಪ್ರೋಟೀನು. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ, ನೊರೆಯಲ್ಲಿ ಪ್ರೋಟೀನಿನ ಮಡಿಕೆ ಬಿಚ್ಚಿಹೋಗುತ್ತದೆ, ಮಡಿಕೆ ಬಿಚ್ಚಿದ ಪ್ರತಿಕಾಯ ವಿಷವನ್ನು ಹಿಡಿಯಲಾರದು. ಪುಸ್ತಕದಲ್ಲಿ ಓದಿದ್ದು ನನಗೆ ಅರ್ಥವಾಗಿದ್ದು ಆ ಕ್ಷಣದಲ್ಲಿ.

ಆ ಪುಡಿ ಬಂದಿದ್ದು ಕುದುರೆಯಿಂದ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷವನ್ನು ತೀರಾ ಸ್ವಲ್ಪದಿಂದ ಶುರುಮಾಡಿ ಏರಿಸುತ್ತಾ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ಮೈ ವಿಷವನ್ನು ಗುರುತಿಸಿ ಪ್ರತಿಕಾಯ ತಯಾರಿಸುತ್ತದೆ. ಆಮೇಲೆ ರಕ್ತ ತೆಗೆದು ಪ್ಲಾಸ್ಮಾ ಬೇರ್ಪಡಿಸಿ ಶುದ್ಧ ಮಾಡುತ್ತಾರೆ. ಒಬ್ಬರ ಮೈಯಲ್ಲಿ ಹುಟ್ಟಿದ ರಕ್ಷಣೆಯನ್ನು ಇನ್ನೊಬ್ಬರಿಗೆ ದಾಟಿಸಬಹುದು ಅಂತ 1890ರಲ್ಲಿ ಬೆರಿಂಗ್ ಮತ್ತು ಕಿಟಾಸಾಟೊ ತೋರಿಸಿದ್ದರು. ವೈದ್ಯಕೀಯದ ಮೊದಲ ನೊಬೆಲ್, 1901ರದ್ದು, ಬೆರಿಂಗ್‌ಗೆ ಸಿಕ್ಕಿದ್ದು ಇದೇ ಸೀರಮ್ ಚಿಕಿತ್ಸೆಗೆ.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿದ್ದು. ಔಷಧದ ಲೆಕ್ಕ ಅಂದರೆ ಮಕ್ಕಳಿಗೆ ಕಡಿಮೆ, ದೊಡ್ಡವರಿಗೆ ಜಾಸ್ತಿ, ಅಲ್ವಾ? ಎಎಸ್‌ವಿಗೆ ಆ ಲೆಕ್ಕ ಇಲ್ಲ. ಹಾವು ಮಗು ಅಂತ ನೋಡಿ ವಿಷ ಕಡಿಮೆ ಬಿಡುವುದಿಲ್ಲ. ಪ್ರತಿಕಾಯ ಹೊಡೆದಾಡುವುದು ವಿಷದ ಜೊತೆ, ರೋಗಿಯ ತೂಕದ ಜೊತೆ ಅಲ್ಲ. ಅದಕ್ಕೇ ಮಗುವಿಗೂ ಅಷ್ಟೇ ವಯಲ್. ಹಾಗೇ, ಪ್ರತಿಕಾಯ ತಾನು ಕಂಡ ವಿಷವನ್ನು ಮಾತ್ರ ಸರಿಯಾಗಿ ಹಿಡಿಯುತ್ತದೆ. ನಮ್ಮ ಘಟ್ಟದಲ್ಲಿ ಕಾಳಿಂಗ ಸರ್ಪ ಇದೆ, ಮೂತಿ ಮೇಲಕ್ಕೆತ್ತಿದ ಚಿಕ್ಕ ಗುಳಿಮಂಡಲವೂ ಇದೆ. ಇವೆರಡರ ವಿಷ ಆ ಕುದುರೆಗಳು ಕಂಡಿದ್ದಲ್ಲ, ಹಾಗಾಗಿ ಈ ವಯಲನ್ನು ಅವಕ್ಕೆ ನೆಚ್ಚಿಕೊಳ್ಳುವಂತಿಲ್ಲ. ಗುಳಿಮಂಡಲ ಕಚ್ಚಿದರೂ ರಕ್ತಸ್ರಾವ, ಕಿಡ್ನಿ ತೊಂದರೆ ಆಗಬಹುದು. ಶಿರಸಿ, ಸಿದ್ದಾಪುರದ ತೋಟಿಗರಿಗೆ ಇದು ಪಠ್ಯದ ಮಾತಲ್ಲ, ದಿನಾ ಕಾಲಿಡುವ ಜಾಗದ ಮಾತು.

ಅಪ್ಪಚ್ಚಿ ಐದನೇ ದಿನ ಮನೆಗೆ ಬಂದರು. ಒಂಬತ್ತನೇ ದಿನ ಜ್ವರ, ಮೈತುಂಬ ತುರಿಕೆ, ಮೊಣಕಾಲು ಮಣಿಕಟ್ಟಿನಲ್ಲಿ ನೋವು. ಆಯಿ ಹೆದರಿಬಿಟ್ಟರು. “ಕೂಸೆ, ವಿಷ ಇನ್ನೂ ಪೂರಾ ಇಳದ್ದಿಲ್ಲೆ ಕಾಣ್ತು” ಅಂದರು.

ವಿಷ ಅಲ್ಲ, ಅದು ಕುದುರೆ. ಇದನ್ನು ಸೀರಮ್ ಸಿಕ್‌ನೆಸ್ ಅಂತಾರೆ, ಅತಿಸಂವೇದನೆಯ ನಾಲ್ಕು ವಿಧಗಳಲ್ಲಿ ಮೂರನೆಯದು. ಅಪ್ಪಚ್ಚಿಯ ಮೈ ಆ ಕುದುರೆ ಪ್ರೋಟೀನನ್ನು ಹೊರಗಿನದು ಅಂತ ಗುರುತಿಸಿ, ವಾರದೊಳಗೆ ಅದರ ವಿರುದ್ಧ ತನ್ನದೇ ಪ್ರತಿಕಾಯ ತಯಾರಿಸಿತ್ತು. ಎರಡೂ ಅಂಟಿಕೊಂಡು ಸಣ್ಣ ಗಂಟುಗಳಾಗಿ ಸಂದಿನಲ್ಲಿ, ಚರ್ಮದ ರಕ್ತನಾಳಗಳಲ್ಲಿ ಕೂತು ಉರಿಯೂತ ಎಬ್ಬಿಸಿದ್ದವು. ಡಾಕ್ಟರು ತುರಿಕೆಗೆ ಒಂದು ಮಾತ್ರೆ, ಕೆಲವು ದಿನ ಸ್ಟೀರಾಯ್ಡ್ ಕೊಟ್ಟರು. ವಾರದಲ್ಲಿ ಗುಣವಾಯಿತು.

ನನ್ನ ಮಟ್ಟಿಗೆ ಫಾರ್ಮಸಿಯಲ್ಲಿ ಇಮ್ಯುನಾಲಜಿ ಓದಬೇಕಾದ ಕಾರಣ ಇಲ್ಲೇ ಇದೆ. ಫಾರ್ಮಕಾಲಜಿಯಲ್ಲಿ ಔಷಧ ಮೈಗೆ ಏನು ಮಾಡುತ್ತದೆ ಅಂತ ಓದುತ್ತೇವೆ, ಲಿವರ್ ಅದನ್ನು ಹೇಗೆ ಒಡೆಯುತ್ತದೆ, ಕಿಡ್ನಿ ಹೇಗೆ ಹೊರಹಾಕುತ್ತದೆ ಅಂತಲೂ ಓದುತ್ತೇವೆ. ಆದರೆ ಮೈ ಔಷಧವನ್ನೇ ಗುರುತಿಸುತ್ತದೆ, ನೆನಪಿಟ್ಟುಕೊಳ್ಳುತ್ತದೆ ಅಂತ ಹೇಳಿಕೊಡುವುದು ಈ ಒಂದು ಯೂನಿಟ್. ಔಷಧ ತಯಾರಿಸುವವರು ನೂರು ವರ್ಷದಿಂದ ಈ ನೆನಪಿನ ಜೊತೆಗೇ ಗುದ್ದಾಡುತ್ತಿದ್ದಾರೆ. ಎಎಸ್‌ವಿ ತಯಾರಿಯಲ್ಲಿ ಪೆಪ್ಸಿನ್ ಎಂಬ ಕಿಣ್ವ ಹಾಕಿ ಪ್ರತಿಕಾಯದ ಬಾಲವನ್ನು ಕತ್ತರಿಸಿ, ವಿಷ ಹಿಡಿಯುವ ಕೈಗಳನ್ನು ಮಾತ್ರ ಉಳಿಸಿಕೊಳ್ಳುವುದೂ ಅದರದ್ದೇ ಭಾಗ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಹೈಬ್ರಿಡೋಮಾ ಕಂಡುಹಿಡಿದ ಮೇಲೆ ಬಂದ ಇಲಿಯ ಪ್ರತಿಕಾಯಗಳಿಗೂ ಇದೇ ತೊಂದರೆ ಆಯಿತು, ಮನುಷ್ಯರ ಮೈ ಅವುಗಳ ವಿರುದ್ಧವೂ ಪ್ರತಿಕಾಯ ಮಾಡಿತು. ಆಗ ಇಲಿಯ ಭಾಗ ಕಡಿಮೆ ಮಾಡುತ್ತಾ ಬಂದರು. ರಿಟುಕ್ಸಿಮ್ಯಾಬ್ ಇಲಿ-ಮನುಷ್ಯರ ಬೆರಕೆ, ಟ್ರಾಸ್ಟುಜುಮ್ಯಾಬ್ ಹೆಚ್ಚುಪಾಲು ಮನುಷ್ಯರದ್ದು, ಅಡಾಲಿಮುಮ್ಯಾಬ್ ಪೂರ್ತಿ ಮನುಷ್ಯರದ್ದು. ಆ ಕ್ಸಿ, ಜು, ಮು ಅಕ್ಷರಗಳಲ್ಲೇ ಮೂಲದ ಸುಳಿವಿದೆ. ಕ್ಯಾನ್ಸರ್, ಸಂಧಿವಾತದ ಈ ಇಂಜೆಕ್ಷನ್‌ಗಳ ಹೆಸರು ಓದುವಾಗೆಲ್ಲ ನನಗೆ ಆ ಒಂಬತ್ತನೇ ದಿನ ನೆನಪಾಗುತ್ತದೆ.

ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಅಪ್ಪಚ್ಚಿಗೆ ಒಂದು ಚೀಟಿ ಬರೆದುಕೊಟ್ಟೆ. ಯಾವ ತಾರೀಖು ಎಎಸ್‌ವಿ ಕೊಟ್ಟಿದ್ದು, ಎಷ್ಟು ವಯಲ್, ಎಷ್ಟನೇ ದಿನ ಜ್ವರ ಬಂದಿದ್ದು. ಇನ್ನೊಮ್ಮೆ ಕಚ್ಚಿದರೂ ಎಎಸ್‌ವಿ ಬಿಡುವಂತಿಲ್ಲ, ಆದರೆ ಈ ಜ್ವರ ಆಗ ಬೇಗ ಬರಬಹುದು, ಡಾಕ್ಟರಿಗೆ ಗೊತ್ತಿರಬೇಕು. ಪ್ಲಾಸ್ಟಿಕ್ ಹಾಕಿ ಮಡಚಿದ ಆ ಚೀಟಿ ಈಗಲೂ ಅವರ ಕವಳದ ಸಂಚಿಯಲ್ಲಿದೆ, ಅಡಿಕೆ ಹೋಳಿನ ಜೊತೆ.