ಬೆಳ್ಳಕ್ಕಿಯ ನಡುಗಡ್ಡೆಯಿಂದ ನಾಯಕರ ಕೋಟೆಗೆ: ಒಂದು ದಿನದ ದಾರಿ

ಶಿವಮೊಗ್ಗದಿಂದ ಹೊರಟು ತುಂಗೆಯ ನಡುಗಡ್ಡೆಯಲ್ಲಿ ಗೂಡು ಕಟ್ಟುವ ಮಂಡಗದ್ದೆಯ ಹಕ್ಕಿಗಳು, ಕವಲೇದುರ್ಗದ ಗುಡ್ಡದ ಕೋಟೆ, ನಗರ ಎಂಬ ಊರಿನ ಕೋಟೆ, ಮೂರನ್ನೂ ಒಂದೇ ದಿನದಲ್ಲಿ ನೋಡಿ ಬರಲು ಆಗುತ್ತದೆಯೇ ಎಂದು ಕೇಳುವವರು ಬಹಳ. ಆಗುತ್ತದೆ. ಆದರೆ ವರ್ಷದಲ್ಲಿ ಕೆಲವೇ ವಾರ ಮಾತ್ರ. ಈ ದಾರಿಯಲ್ಲಿ ಜನ ಕರೆದುಕೊಂಡು ಹೋಗುವ ಕೆಲಸಕ್ಕೆ ಇಳಿಯುವವರು ಮೊದಲು ತಿಳಿಯಬೇಕಾದ್ದು ಕಿಲೋಮೀಟರ್ ಲೆಕ್ಕಕ್ಕಿಂತ ಮಳೆಯ ಲೆಕ್ಕ.

ಮಂಡಗದ್ದೆಯ ಹಕ್ಕಿಗಳು ಬರುವುದೇ ಮಳೆ ಹಿಡಿದ ಮೇಲೆ. ಜುಲೈನಲ್ಲಿ ಗೂಡು ಕಟ್ಟಲು ಶುರುಮಾಡಿ, ಮರಿ ಹಾರುವ ಹೊತ್ತಿಗೆ ಸೆಪ್ಟೆಂಬರ್ ಮುಗಿದಿರುತ್ತದೆ, ಕೆಲವು ವರ್ಷ ಅಕ್ಟೋಬರ್‌ವರೆಗೂ ಇರುತ್ತವೆ. ಕವಲೇದುರ್ಗಕ್ಕೆ ಅದೇ ಜುಲೈ, ಆಗಸ್ಟ್ ಕೆಟ್ಟ ಕಾಲ. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲಿ ಕೋಟೆಯ ಹಾಸುಗಲ್ಲಿನ ಮೇಲೆ ಪಾಚಿ ಕಟ್ಟಿ, ಒಂದೊಂದು ಕಲ್ಲೂ ಎಣ್ಣೆ ಸುರಿದಂತೆ ಜಾರುತ್ತದೆ. ಡಿಸೆಂಬರ್, ಜನವರಿಯಲ್ಲಿ ಕೋಟೆ ಹತ್ತಲು ಹಿತ, ಆದರೆ ನಡುಗಡ್ಡೆ ಖಾಲಿ. ಎರಡೂ ಕೂಡಿಬರುವುದು ಉತ್ತರೆ ಮಳೆ ಹಿಡಿದು ಹಸ್ತ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದ ಆಚೀಚೆ. ಆ ಅವಧಿಯಲ್ಲೂ ಹೊರಡುವ ಹಿಂದಿನ ದಿನ ಮಂಡಗದ್ದೆಯ ಅರಣ್ಯ ಸಿಬ್ಬಂದಿಯನ್ನೋ ರಸ್ತೆ ಬದಿಯ ಅಂಗಡಿಯವರನ್ನೋ “ಹಕ್ಕಿ ಇನ್ನೂ ಇದಾವಾ ಮಾರಾಯ್ರೆ, ಹೊಳೆ ಎಷ್ಟಿದೆ?” ಎಂದು ಕೇಳಿಕೊಳ್ಳುವುದು ಒಳ್ಳೆಯದು. ಹೊಳೆ ಬೇಗ ಇಳಿದ ವರ್ಷ ಹಕ್ಕಿಗಳೂ ಬೇಗ ಹೊರಡುತ್ತವೆ.

ಬೆಳಿಗ್ಗೆ ಆರೂವರೆಗೆ ಶಿವಮೊಗ್ಗ ಬಿಡಬೇಕು. ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ಸುಮಾರು 30 ಕಿ.ಮೀ. ದಾರಿ ಹೆಚ್ಚೂಕಡಿಮೆ ತುಂಗೆಯ ಜೊತೆಗೇ ಸಾಗುತ್ತದೆ. 1974ರಲ್ಲಿ ಘೋಷಿಸಿದ, 395 ಚದರ ಕಿ.ಮೀ.ಗೂ ಮಿಕ್ಕಿದ ಶೆಟ್ಟಿಹಳ್ಳಿ ವನ್ಯಜೀವಿ ಧಾಮ ಇದೇ ಸೀಮೆಯದು. 14 ಕಿ.ಮೀ. ಆಗುತ್ತಲೇ ಸಕ್ರೆಬೈಲು ಆನೆ ಬಿಡಾರ ಬರುತ್ತದೆ. ದಿನ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಬಿಡಾರದಲ್ಲಿ ಜನರಿಗೆ ಪ್ರವೇಶ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ. ಕಾಡಿನಿಂದ ಆನೆ ಬಂದು, ಗಾಜನೂರು ಹಿನ್ನೀರಿನಲ್ಲಿ ಮಾವುತರು ಮೈ ತಿಕ್ಕಿ, ಹುಲ್ಲಿನಲ್ಲಿ ಸುತ್ತಿದ ಕುಸುರೆ ಎಂಬ ಮೇವು ತಿನ್ನಿಸಿ ಮುಗಿಯುವಾಗ ಹನ್ನೊಂದಾಗಿರುತ್ತದೆ. “ಹೇಗೂ ದಾರಿಯಲ್ಲೇ ಇದೆಯಲ್ಲ” ಎಂದು ಅಲ್ಲಿ ಇಳಿದರೆ ಕವಲೇದುರ್ಗದ ಬುಡ ಸೇರುವುದು ಮಧ್ಯಾಹ್ನ ಎರಡಕ್ಕೆ, ಕೋಟೆಯ ನೆತ್ತಿಯಲ್ಲಿ ನಿಲ್ಲುವುದು ಗುಡುಗಿನ ಹೊತ್ತಿಗೆ. ಸಕ್ರೆಬೈಲು ಬಹಳ ಒಳ್ಳೆಯ ಜಾಗ, ಅದಕ್ಕೇ ಒಂದು ಬೆಳಗು ಮೀಸಲಿಡಬೇಕು. ಈ ದಿನದ ಪಟ್ಟಿಗೆ ಅದನ್ನು ಸೇರಿಸಬೇಡಿ. ಬಂದವರು ಒತ್ತಾಯಿಸಿದರೆ ನಗರದ ಕೋಟೆಯನ್ನು ಬಿಟ್ಟುಕೊಡಬೇಕಾಗುತ್ತದೆ ಎಂದು ಹಿಂದಿನ ದಿನವೇ ತಿಳಿಸಿ.

ಏಳೂಕಾಲು, ಏಳೂವರೆಗೆ ಮಂಡಗದ್ದೆ. ಇದು ರಾಷ್ಟ್ರೀಯ ಹೆದ್ದಾರಿ. ಬಸ್ಸು, ಲಾರಿಗಳು ತಿರುವಿನಿಂದ ಒಮ್ಮೆಲೇ ಬರುತ್ತವೆ. ಗಾಡಿಯನ್ನು ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಜನ ಹೊಳೆಯ ಕಡೆಯ ಬಾಗಿಲಿನಿಂದಲೇ ಇಳಿಯಲಿ. ಭಾನುವಾರ ಜಾಗ ಸಿಗುವುದು ಕಷ್ಟ, ಸಾಧ್ಯವಾದರೆ ವಾರದ ನಡುವಿನ ದಿನ ಆರಿಸಿ.

ನಡುಗಡ್ಡೆ ಇರುವುದು ಒಂದು ಎಕರೆಗೆ ತುಸು ಹೆಚ್ಚು, 1.14 ಎಕರೆ. ಇಷ್ಟು ಸಣ್ಣ ಜಾಗಕ್ಕೆ ಸಾವಿರಾರು ಹಕ್ಕಿಗಳು ಯಾಕೆ ಬರುತ್ತವೆ ಎಂಬ ಪ್ರಶ್ನೆ ಪ್ರತಿ ಗುಂಪಿನಲ್ಲೂ ಬಂದೇ ಬರುತ್ತದೆ. ಮಳೆಗಾಲದಲ್ಲಿ ಸುತ್ತಲೂ ತುಂಗೆ ರಭಸದಿಂದ ಹರಿಯುವುದರಿಂದ ಕಾಡುಬೆಕ್ಕು, ಮಂಗ, ಮನುಷ್ಯ ಯಾರೂ ಗೂಡಿನ ಹತ್ತಿರ ಸುಳಿಯುವುದಿಲ್ಲ. ಅದೇ ಹೊತ್ತಿಗೆ ಸುತ್ತಲಿನ ನಾಟಿ ಗದ್ದೆ, ಕೆರೆ, ಹಳ್ಳಗಳಲ್ಲಿ ಮೀನು, ಕಪ್ಪೆ ಧಾರಾಳ. ಕಾವಲು ಒಂದು ಕಡೆ, ಊಟ ಇನ್ನೊಂದು ಕಡೆ, ಎರಡನ್ನೂ ಕೊಡುವುದು ಮಳೆಯೇ. ಆ ಮಳೆಯೇ ಅತಿಯಾದರೆ ತಗ್ಗಿನ ಕೊಂಬೆಗಳ ಗೂಡು ಮುಳುಗಿಹೋಗುತ್ತದೆ. ಹಾಗಾದ ವರ್ಷ ಹಕ್ಕಿ ಕಡಿಮೆ ಕಂಡರೆ ಇದ್ದ ಕಾರಣ ಹೇಳಿ, ಸುಮ್ಮನೆ ಸಮಾಧಾನ ಹೇಳಬೇಡಿ.

ನೋಡಬೇಕಾದ ಹಕ್ಕಿ ಮುಖ್ಯವಾಗಿ ಮೂರು. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. ಇಲ್ಲಿ ಹೆಚ್ಚು ಇರುವುದು ನಡುಗಾತ್ರದ ಬೆಳ್ಳಕ್ಕಿ. ಬೇರೆ ದಿನಗಳಲ್ಲಿ ಅದರ ಕೊಕ್ಕು ಹಳದಿ, ಗೂಡು ಕಟ್ಟುವ ಕಾಲಕ್ಕೆ ಕಪ್ಪಾಗುತ್ತದೆ, ಕಣ್ಣಿನ ಮುಂದಿನ ಬೋಳು ಚರ್ಮಕ್ಕೆ ಹಸಿರು ಛಾಯೆ ಏರುತ್ತದೆ, ಬೆನ್ನು ಮತ್ತು ಎದೆಯ ಮೇಲೆ ಜಾಲರಿಯಂಥ ತೆಳ್ಳನೆಯ ಗರಿಗಳು ಇಳಿಬೀಳುತ್ತವೆ. ಸೆಪ್ಟೆಂಬರ್ ಕೊನೆಗೆ ಈ ಸಿಂಗಾರ ಕಳಚುತ್ತಾ ಇರುತ್ತದೆ. ಒಂದೇ ಕೊಂಬೆಯಲ್ಲಿ ಕಪ್ಪು ಕೊಕ್ಕಿನದೂ ಹಳದಿ ಕೊಕ್ಕಿನದೂ ಕೂತಿದ್ದರೆ ಎರಡು ಜಾತಿ ಎಂದುಕೊಳ್ಳಬೇಡಿ. ನೀರುಕಾಗೆಗೂ ಹಾವಕ್ಕಿಗೂ ಗೊಂದಲವಾದರೆ ಕೊಕ್ಕಿನ ತುದಿ ನೋಡಿ. ನೀರುಕಾಗೆಯದು ಕೊಕ್ಕೆಯಂತೆ ಬಾಗಿರುತ್ತದೆ, ಅದು ಮೀನನ್ನು ಕಚ್ಚಿ ಹಿಡಿಯುತ್ತದೆ. ಹಾವಕ್ಕಿಯದು ಭರ್ಜಿಯಂತೆ ನೇರ, ಅದು ನೀರಿನೊಳಗೆ ಮೀನನ್ನು ಚುಚ್ಚುತ್ತದೆ. ಎರಡರ ಗರಿಯೂ ನೀರು ಹೀರುವುದರಿಂದ ಮುಳುಗಿ ಎದ್ದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ.

ದೂರದರ್ಶಕ (ಬೈನಾಕ್ಯುಲರ್) 8x42, ಅಂದರೆ ಎಂಟು ಪಟ್ಟು ವರ್ಧನೆ, 42 ಮಿ.ಮೀ. ಅಗಲದ ಮುಂಗಾಜಿನದು, ಸಾಕು. ಹೆಚ್ಚು ವರ್ಧನೆಯದು ಕೈ ನಡುಗಿದಾಗ ಚಿತ್ರವನ್ನೂ ನಡುಗಿಸುತ್ತದೆ, ಮೋಡ ಕವಿದ ಬೆಳಗಿನಲ್ಲಿ ಮಸುಕೂ ಆಗುತ್ತದೆ. ಆರು ಜನಕ್ಕೆ ಎರಡಾದರೂ ಇರಲಿ. ಕಿರುಚುವುದು, ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸುವುದು, ಡ್ರೋನ್ ಹಾರಿಸುವುದು ಇವನ್ನು ಗಾಡಿ ಇಳಿಯುವ ಮುಂಚೆಯೇ ತಡೆಯಬೇಕು. ತಾಯಿಹಕ್ಕಿ ಗಾಬರಿಯಿಂದ ಎದ್ದರೆ ಅರೆಬೆಳೆದ ಮರಿ ಗೂಡಿನ ಅಂಚಿಗೆ ಸರಿದು ಹೊಳೆಗೆ ಬೀಳುತ್ತದೆ, ಬಿದ್ದದ್ದು ಉಳಿಯುವುದಿಲ್ಲ. ಈ ಒಂದು ಮಾತು ಹೇಳಿದರೆ ಮಕ್ಕಳು ತಾವಾಗಿಯೇ ದನಿ ತಗ್ಗಿಸುತ್ತಾರೆ. ಒಂದೂಕಾಲು ಗಂಟೆ ಇಲ್ಲಿಗೆ ಸರಿಯಾದ ಅಳತೆ.

ತೀರ್ಥಹಳ್ಳಿಯಲ್ಲಿ ತಿಂಡಿ. ಗಟ್ಟಿಯಾಗಿಯೇ ತಿನ್ನಲಿ, ಮುಂದಿನ ಊಟ ಮೂರು ಗಂಟೆಗೆ. ಗಾಡಿಗೆ ಇಂಧನ ಹಾಕಿಸುವುದು, ಎಟಿಎಂ, ಶೌಚ ಎಲ್ಲವೂ ಇಲ್ಲೇ ಮುಗಿಯಲಿ. ತಲೆಗೆ ಒಂದೂವರೆ ಲೀಟರ್ ನೀರು ತುಂಬಿಸಿಕೊಳ್ಳಿ, ಕೋಟೆಯ ಮೇಲೆ ಕೊಳಗಳಿವೆ, ಕುಡಿಯುವ ನೀರಿಲ್ಲ.

ಇಲ್ಲಿಂದ ಕವಲೇದುರ್ಗ ಸುಮಾರು 18 ಕಿ.ಮೀ. ಊರಿನಲ್ಲಿ ಗಾಡಿ ನಿಲ್ಲಿಸಿ ಗದ್ದೆಯ ಬದಿಯಿಂದ, ಆಮೇಲೆ ಕಾಡಿನ ನೆರಳಿನಲ್ಲಿ ಕಲ್ಲುಹಾಸಿನ ದಾರಿ ಹತ್ತಬೇಕು. ಹೋಗಿ, ನೋಡಿ, ಇಳಿಯಲು ಮೂರರಿಂದ ಮೂರೂವರೆ ಗಂಟೆ. ಹನ್ನೊಂದಕ್ಕೆ ಹತ್ತಲು ಶುರುಮಾಡಿ ಎರಡೂವರೆಗೆ ಕೆಳಗಿರಬೇಕು ಎಂಬ ನಿಯಮಕ್ಕೆ ಕಾರಣವಿದೆ. ಈ ತಿಂಗಳಲ್ಲಿ ಬೆಳಿಗ್ಗೆ ಬಿಸಿಲು ಬಿದ್ದು, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಸಿಡಿಲಿನ ಮಳೆ ಬರುವುದು ವಾಡಿಕೆ. ಕೋಟೆಯ ನೆತ್ತಿ ಬೋಳು ಬಂಡೆ. ದೂರದಲ್ಲಿ ಗುಡುಗು ಕೇಳಿದ ಕೂಡಲೇ, ಇನ್ನೇನು ಹತ್ತೇ ನಿಮಿಷ ಎಂದು ಯಾರು ಬೇಡಿಕೊಂಡರೂ ಇಳಿಸಿಬಿಡಿ. ಒಂಟಿ ಮರದ ಕೆಳಗಾಗಲಿ, ನೆತ್ತಿಯ ಗುಡಿಯ ಹೊರಗಾಗಲಿ ನಿಲ್ಲಿಸಬೇಡಿ.

ಹನ್ನೆರಡು ಜನಕ್ಕೆ ಇಬ್ಬರು ಬೇಕು. ಒಬ್ಬ ಮುಂದೆ, ಒಬ್ಬ ಕಟ್ಟಕಡೆಗೆ. ಪ್ರತಿ ಹೆಬ್ಬಾಗಿಲಿನಲ್ಲೂ ತಲೆ ಎಣಿಸಿ. ಹತ್ತುವಾಗ ಯಾರೂ ಬೀಳುವುದಿಲ್ಲ, ಬೀಳುವುದು ಇಳಿಯುವಾಗ, ಅದೂ ಮಾತಾಡುತ್ತಾ ಇಳಿಯುವಾಗ. ಹಾಸುಗಲ್ಲು ನೂರಾರು ವರ್ಷ ತುಳಿದು ನಯವಾಗಿದೆ. ಹೆಜ್ಜೆಯನ್ನು ಕಲ್ಲಿನ ನಡುವಿಗೆ ಇಡದೆ, ಎರಡು ಕಲ್ಲು ಕೂಡುವ ಸಂದಿಗೆ ಅಡ್ಡಲಾಗಿ ಇಟ್ಟರೆ ಹಿಡಿತ ಸಿಗುತ್ತದೆ. ಹವಾಯಿ ಚಪ್ಪಲಿ, ತಳ ಸವೆದ ಬೂಟು ಎರಡೂ ಬೇಡ.

ಉಂಬಳದ (ಜಿಗಣೆಯ) ಮಾತು ಬಿಡುವಂತಿಲ್ಲ. ಕಾಡಿನ ನೆರಳಿನ ಭಾಗದಲ್ಲಿ ಅವು ಇದ್ದೇ ಇರುತ್ತವೆ. ಒತ್ತಾಗಿ ನೇಯ್ದ ಬಟ್ಟೆಯ ಕಾಲುಚೀಲವನ್ನು ಮೊಣಕಾಲವರೆಗೆ, ಪ್ಯಾಂಟಿನ ಮೇಲೆ ಎಳೆದು ಕಟ್ಟಿ. ಹೊಗೆಸೊಪ್ಪು ನೆನೆಸಿದ ನೀರನ್ನೋ ಉಪ್ಪುನೀರನ್ನೋ ಅದಕ್ಕೆ ಹಚ್ಚುವುದು ಮಲೆನಾಡಿನ ರೂಢಿ, ಮಳೆಗೆ ತೊಳೆದುಹೋದರೆ ಮತ್ತೆ ಹಚ್ಚಬೇಕು. ಕಚ್ಚಿದ ಉಂಬಳಕ್ಕೆ ಬೆಂಕಿಕಡ್ಡಿ ತಾಗಿಸಬೇಡಿ, ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕುತ್ತದೆ. ಉಗುರನ್ನು ಚರ್ಮಕ್ಕೆ ಒತ್ತಿ, ಸಪೂರವಾದ ಬಾಯಿಯ ಕಡೆಯಿಂದ ಪಕ್ಕಕ್ಕೆ ಜಾರಿಸಿದರೆ ಬಿಡುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಬಹಳ ಹೊತ್ತು ಒಸರುತ್ತದೆ. ಸಾಬೂನಿನಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ರಕ್ತ ತೆಳುವಾಗುವ ಔಷಧಿ ತೆಗೆದುಕೊಳ್ಳುವವರು ಯಾರಿದ್ದಾರೆ ಎಂಬುದನ್ನು ಮಾತ್ರ ಬೆಳಿಗ್ಗೆಯೇ ಕೇಳಿ ತಿಳಿದುಕೊಂಡಿರಬೇಕು.

ಇನ್ನು ಕೋಟೆ. ಇದರ ಹಳೆಯ ಹೆಸರು ಭುವನಗಿರಿ. ಮಲೆನಾಡನ್ನು ಆಳಿದ ಕೆಳದಿ ನಾಯಕರ ಮನೆತನದ ಹಿರಿಯ ವೆಂಕಟಪ್ಪ ನಾಯಕನ ಕಾಲದಲ್ಲಿ, 16ನೇ ಶತಮಾನದ ಕೊನೆ, 17ನೆಯದರ ಮೊದಲಲ್ಲಿ, ಇದು ಭದ್ರವಾದ ದುರ್ಗವಾಗಿ ಬೆಳೆಯಿತು. ಇದನ್ನು ಕೆಳದಿಯವರ ರಾಜಧಾನಿ ಎಂದು ಹೇಳಿಬಿಡುವುದು ಮಾರ್ಗದರ್ಶಕರಲ್ಲಿ ಸಾಮಾನ್ಯ ತಪ್ಪು. ರಾಜಧಾನಿಗಳು ಕೆಳದಿ, ಇಕ್ಕೇರಿ, ಬಿದನೂರು (ಈಗಿನ ನಗರ). ಕವಲೇದುರ್ಗ ಬೆನ್ನಿಗಿದ್ದ ದುರ್ಗ. ಇನ್ನೊಂದು ತಪ್ಪು, ಕಂಡ ಕಲ್ಲನ್ನೆಲ್ಲ ಶಿವಪ್ಪ ನಾಯಕನ ಲೆಕ್ಕಕ್ಕೆ ಬರೆಯುವುದು. ಅವನು ಆಳಿದ್ದು 1645ರಿಂದ 1660. ಅವನ ಹೆಸರು ನಿಂತಿರುವುದು ‘ಶಿಸ್ತು’ ಎಂಬ ಭೂಕಂದಾಯದ ವ್ಯವಸ್ಥೆಯಿಂದ.

ಗುಡ್ಡವನ್ನು ಒಂದರ ಮೇಲೊಂದು ಮೂರು ಸುತ್ತಿನ ಗೋಡೆ ಬಳಸಿದೆ. ಮೊದಲ ಬಾಗಿಲಿನಲ್ಲಿ ಗುಂಪನ್ನು ನಿಲ್ಲಿಸಿ ಎರಡು ವಿಷಯ ತೋರಿಸಿ. ಒಂದು, ದಾರಿ ಬಾಗಿಲಿಗೆ ನೇರವಾಗಿ ನುಗ್ಗುವುದಿಲ್ಲ, ತಿರುಗಿಕೊಂಡು ಒಳಗೆ ಬರುತ್ತದೆ. ಆನೆಯಾಗಲಿ ದಿಮ್ಮಿ ಹೊತ್ತ ಜನರಾಗಲಿ ಓಡಿಬಂದು ಕದ ಗುದ್ದಲು ಬೇಕಾದ ನೇರ ಜಾಗ ಸಿಗದು. ಎರಡು, ಗೋಡೆಯ ಕಲ್ಲಿನ ಸಂದಿಯಲ್ಲಿ ಗಾರೆಯನ್ನು ಹುಡುಕಲು ಹೇಳಿ. ದೊಡ್ಡ ದೊಡ್ಡ ಬಂಡೆಗಳು ತಮ್ಮ ತೂಕದಿಂದಲೇ ಕೂತಿವೆ. ಕೆಲವು ಕಲ್ಲಿನ ಅಂಚಿನಲ್ಲಿ ಬೆಣೆ ಹೊಡೆದ ಸಣ್ಣ ಗುಳಿಗಳ ಸಾಲು ಬೆರಳಿಗೆ ಸಿಗುತ್ತದೆ. ಆ ಗುಳಿಗೆ ಬೆರಳು ಇಟ್ಟವರಿಗೆ ಇಡೀ ಗೋಡೆ ಅರ್ಥವಾಗುತ್ತದೆ. ಬಂಡೆ ಸೀಳಿದ್ದೂ ಇಲ್ಲೇ, ಪೇರಿಸಿದ್ದೂ ಇಲ್ಲೇ. ಗಾರೆಯಿಲ್ಲದ ಕಾರಣ ಮಳೆನೀರು ಸಂದಿಯಿಂದ ಇಳಿದುಹೋಗುತ್ತದೆ, ಹಿಂದಿನ ಮಣ್ಣು ಉಬ್ಬಿ ಗೋಡೆಯನ್ನು ತಳ್ಳುವುದಿಲ್ಲ. ಇಂಥ ಗೋಡೆಗೆ ಈಗಿನ ಶತ್ರು ಸಂದಿಯಲ್ಲಿ ಬೇರು ಬಿಡುವ ಗೋಣಿ, ಬಸರಿ ಗಿಡಗಳು. ಗೋಡೆ ಹತ್ತಿ ಫೋಟೊ ತೆಗೆಸಿಕೊಳ್ಳುವವರನ್ನು ಇಳಿಸುವಾಗ ಈ ಕಾರಣವನ್ನೂ ಹೇಳಿ, ಬೇರು ಸಡಿಲಿಸಿದ ಕಲ್ಲು ನೋಡಲು ಗಟ್ಟಿಯಾಗಿಯೇ ಕಾಣುತ್ತದೆ.

ಮೇಲೆ ಶ್ರೀಕಂಠೇಶ್ವರ ಗುಡಿ, ಅರಮನೆಯ ತಳಪಾಯ, ಐದು ಕಡೆ ಪಾತ್ರೆ ಇಡುವ ಕಲ್ಲಿನ ಒಲೆ. ಒಲೆಯ ಮೇಲೆ ಯಾರೂ ಕೂರದಂತೆ ನೋಡಿಕೊಳ್ಳಿ. ಆದರೆ ಹೆಚ್ಚು ಹೊತ್ತು ಕಳೆಯಬೇಕಾದ್ದು ಕೊಳಗಳ ಹತ್ತಿರ. ಕೋಟೆಯೊಳಗೆ ಏಳು ಕೊಳಗಳೆಂದು ಲೆಕ್ಕ. ಬಂಡೆಗುಡ್ಡದಲ್ಲಿ ಮಳೆ ಇಂಗುವುದು ಕಡಿಮೆ, ಹರಿಯುವುದೇ ಹೆಚ್ಚು. ಹರಿವನ್ನು ತಡೆದು ಹಿಡಿಯದಿದ್ದರೆ ಫೆಬ್ರವರಿ ಹೊತ್ತಿಗೆ ಕುದುರೆಗೂ ಕಾವಲಿನವರಿಗೂ ನೀರಿಲ್ಲ, ನೀರಿಲ್ಲದ ಕೋಟೆ ಎಷ್ಟು ಎತ್ತರವಿದ್ದರೂ ಮುತ್ತಿಗೆಗೆ ಸೋಲುತ್ತದೆ. ಬೆಳಿಗ್ಗೆ ನೋಡಿದ ನಡುಗಡ್ಡೆಯನ್ನು ಇಲ್ಲಿ ನೆನಪಿಸಿ. ಹಕ್ಕಿ ತನ್ನ ಗೂಡಿನ ಸುತ್ತ ನೀರು ಬಯಸಿತು, ನಾಯಕರು ತಮ್ಮ ಗೋಡೆಯ ಒಳಗೆ ನೀರು ಕೂಡಿಟ್ಟರು. ಒಂದೇ ಮಳೆಯನ್ನು ನಂಬಿ ಕಟ್ಟಿದ ಎರಡು ಮನೆಗಳು ಎಂದು ಹೇಳಿದರೆ, ಧಾಮ ಬೇರೆ, ಕೋಟೆ ಬೇರೆ ಎಂದುಕೊಂಡು ಬಂದವರಿಗೂ ದಿನ ಒಂದಾಗಿ ಕಾಣುತ್ತದೆ.

ತುದಿಯ ಶಿಖರೇಶ್ವರ ಗುಡಿಯ ಆಚೆ ನೇರ ಕಮರಿ, ಗಾಳಿ ಜೋರು. ಮಾರ್ಗದರ್ಶಕ ಕಮರಿಯ ಕಡೆ ನಿಂತು, ಐದೈದು ಜನರನ್ನಷ್ಟೇ ಬಿಡಬೇಕು.

ಇಳಿದ ಮೇಲೆ ಊಟ. ಊರಿನ ಮನೆಗಳಲ್ಲಿ ಮಾಡಿಸಿಕೊಳ್ಳುವುದಾದರೆ ಹಿಂದಿನ ದಿನವೇ ತಲೆಲೆಕ್ಕ ಹೇಳಿರಬೇಕು, ಬಂದ ಮೇಲೆ ಕೇಳುವುದು ಆ ಮನೆಯವರಿಗೆ ತೊಂದರೆ. ಮೂರೂವರೆಗೆ ಹೊರಟರೆ ನಗರಕ್ಕೆ ಮುಕ್ಕಾಲು ಗಂಟೆಯ ದಾರಿ.

ನಗರ ಎಂದರೆ ಹಳೆಯ ಬಿದನೂರು. 1637ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಇಕ್ಕೇರಿಯನ್ನು ಸೂರೆಮಾಡಿದ. ಇಕ್ಕೇರಿ ಬಯಲಿಗೆ ಹತ್ತಿರ. ವೀರಭದ್ರ ನಾಯಕನ ಕಾಲಕ್ಕೆ ರಾಜಧಾನಿ ಕಾಡಿನ ನಡುವಿನ ಬಿದನೂರಿಗೆ ಬಂತು. ಘಟ್ಟ ಇಳಿದರೆ ಕರಾವಳಿ, ಮೆಣಸು, ಅಕ್ಕಿಯ ವ್ಯಾಪಾರಕ್ಕೂ ಅನುಕೂಲ. 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಹೈದರಾಲಿ ಇದನ್ನು ಗೆದ್ದು ಹೈದರ್‌ನಗರ ಎಂದ, ಅದರಲ್ಲಿ ಉಳಿದದ್ದು ‘ನಗರ’. 1783ರ ಜನವರಿಯಲ್ಲಿ ಬ್ರಿಟಿಷರ ಜನರಲ್ ಮ್ಯಾಥ್ಯೂಸ್ ಹಿಡಿದ, ಕೆಲವೇ ತಿಂಗಳಲ್ಲಿ ಟಿಪ್ಪು ಮರಳಿ ಪಡೆದ.

ಕೋಟೆ ರಸ್ತೆಯ ಪಕ್ಕದಲ್ಲೇ ಇದೆ, ಏರು ಕಡಿಮೆ, ಕವಲೇದುರ್ಗ ಹತ್ತಲಾರದ ಹಿರಿಯರೂ ನಿಧಾನವಾಗಿ ನೋಡಬಹುದು. ದರ್ಬಾರಿನ ಜಗಲಿ, ಅಕ್ಕ-ತಂಗಿ ಕೊಳ ನೋಡಲು ಒಂದು ಗಂಟೆ ಸಾಕು. ಕೊಳದ ಅಂಚಿನಲ್ಲಿ ಪಾಚಿ ಇರುತ್ತದೆ, ಮಕ್ಕಳ ಕೈ ಬಿಡಬೇಡಿ.

ಐದೂವರೆಗೆ ಹೊರಡಿ. ಹೊಸನಗರಕ್ಕೆ 17 ಕಿ.ಮೀ., ಅಲ್ಲಿಂದ ರಿಪ್ಪನ್‌ಪೇಟೆ, ಆಯನೂರು ಮೇಲೆ ಶಿವಮೊಗ್ಗ. ಮೊದಲ 17 ಕಿ.ಮೀ. ಬೆಳಕಿರುವಾಗಲೇ ದಾಟಿಬಿಡಬೇಕು. ತಿರುವುಗಳು ಜಾಸ್ತಿ, ಮಂಜು ಬೇಗ ಇಳಿಯುತ್ತದೆ, ಮೇಯಲು ಹೋದ ದನಗಳು ಆ ಹೊತ್ತಿಗೇ ರಸ್ತೆಯ ತುಂಬ ಮನೆಗೆ ಮರಳುತ್ತಿರುತ್ತವೆ. ಹೊಸನಗರದಲ್ಲಿ ಕಾಫಿಗೆ ನಿಲ್ಲಿಸಿದಾಗ ಎಲ್ಲರೂ ಕಾಲುಚೀಲ ಕಳಚಿ ಇನ್ನೊಮ್ಮೆ ನೋಡಿಕೊಳ್ಳಲಿ. ಬೆರಳ ಸಂದಿಯಲ್ಲಿ ಒಂದಾದರೂ ಉಂಬಳ ಸಿಕ್ಕೇ ಸಿಗುತ್ತದೆ.